ದವಡೆಯ ಸ್ನಾಯುವಿನಲ್ಲಿ ಮೂಳೆ: ಕತ್ತರಿ ಮುಗಿಸಿದ ಮೇಲಿನ ಕೆಲಸ

ಬುದ್ಧಿಹಲ್ಲು ಕೀಳಿಸಿಕೊಂಡ ಮೇಲೋ, ಕೆಳದವಡೆ ಮರಗಟ್ಟಿಸುವ ಇಂಜೆಕ್ಷನ್ ಆದ ಮೇಲೋ, ಕೆನ್ನೆಗೆ ಬಲವಾದ ಪೆಟ್ಟು ಬಿದ್ದ ಮೇಲೋ, ಬಹಳ ಅಪರೂಪಕ್ಕೆ, ಅಗಿಯುವ ಸ್ನಾಯುವಿನೊಳಗೇ ಮೂಳೆ ಬೆಳೆಯತೊಡಗುತ್ತದೆ. ವೈದ್ಯರು ಇದನ್ನು ಮಯೋಸೈಟಿಸ್ ಆಸಿಫಿಕನ್ಸ್ ಎನ್ನುತ್ತಾರೆ. ಮೂರು ಬೆರಳು ಸಲೀಸಾಗಿ ಹೋಗುತ್ತಿದ್ದ ಬಾಯಿಗೆ ಕ್ರಮೇಣ ಒಂದು ಬೆರಳೂ ಹೋಗದಂತಾಗುತ್ತದೆ. ತುತ್ತು ಇಡಲಾಗದೆ ಗಂಜಿಯನ್ನು ಹಲ್ಲಿನ ಸಂದಿಯಲ್ಲಿ ಹೀರಬೇಕಾಗುತ್ತದೆ.

ಅಡಿಕೆ, ಗುಟ್ಕಾ ಜಗಿಯುವವರು ಹೆಚ್ಚಿರುವ ನಮ್ಮಲ್ಲಿ ಬಾಯಿ ತೆರೆಯದಿದ್ದರೆ ಮೊದಲ ಅನುಮಾನ ಸಬ್‌ಮ್ಯೂಕಸ್ ಫೈಬ್ರೋಸಿಸ್ ಮೇಲೆ ಹೋಗುವುದು ಸಹಜ. ಆದರೆ ಅಲ್ಲಿ ಕೆನ್ನೆಯ ಒಳಪದರ ಬಿಳಿಚಿ ಬಿಗಿಯುತ್ತದೆ, ಖಾರ ತಾಗಿದರೆ ಉರಿಯುತ್ತದೆ. ಇಲ್ಲಿ ಒಳಪದರ ಮೆತ್ತಗೇ ಇದ್ದು ಗಟ್ಟಿತನ ಸ್ನಾಯುವಿನಲ್ಲಿರುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಅಂಚಿನ ಮೂಳೆ ಬಲಿತಿದ್ದು ನಡುಭಾಗ ಇನ್ನೂ ಎಳೆಯದಾಗಿರುವುದು ಕಾಣುತ್ತದೆ. ಆ ನಡುಭಾಗದ ಚೂರನ್ನಷ್ಟೇ ಸೂಕ್ಷ್ಮದರ್ಶಕದಡಿ ಇಟ್ಟರೆ ಮೂಳೆಯ ಕ್ಯಾನ್ಸರ್ ಎಂದು ಭ್ರಮಿಸುವ ಅಪಾಯವಿದೆ.

ಕತ್ತರಿ ಹಿಡಿಯುವ ಮುನ್ನ ರೋಗಿಯ ಕಾಲಿನ ಹೆಬ್ಬೆರಳನ್ನು ನೋಡಲೇಬೇಕು. ಅದು ಹುಟ್ಟಿನಿಂದ ಗಿಡ್ಡವಾಗಿ ಒಳಕ್ಕೆ ವಾಲಿದ್ದರೆ, ಇದು ಎಫ್‌ಒಪಿ (ಫೈಬ್ರೋಡಿಸ್ಪ್ಲಾಸಿಯಾ ಆಸಿಫಿಕನ್ಸ್ ಪ್ರೋಗ್ರೆಸಿವಾ) ಎಂಬ ಆನುವಂಶಿಕ ಕಾಯಿಲೆಯಿರಬಹುದು. ಇದಕ್ಕೆ ಕಾರಣವಾದ ಎಸಿವಿಆರ್1 ಜೀನಿನ ದೋಷ ಪತ್ತೆಯಾದದ್ದು 2006ರಲ್ಲಿ. ಇಂಥವರಲ್ಲಿ ಮೂಳೆ ಕತ್ತರಿಸಿದರೆ ಅಲ್ಲಿ ಮತ್ತಷ್ಟು ಮೂಳೆ ಬೆಳೆಯುತ್ತದೆ; ಹಲ್ಲಿನ ಒಂದು ಇಂಜೆಕ್ಷನ್ ಸಾಕು, ದವಡೆ ಶಾಶ್ವತವಾಗಿ ಬೀಗಿಬಿಡಬಹುದು. ಇದೇ ಕಾಯಿಲೆಯಿದ್ದು 1973ರಲ್ಲಿ ತೀರಿಕೊಂಡ ಹ್ಯಾರಿ ಈಸ್ಟ್‌ಲ್ಯಾಕ್ ಅವರ ಬೆಸೆದುಹೋದ ಅಸ್ಥಿಪಂಜರ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿದೆ. ಅವರ ದವಡೆಯೂ ಬೀಗಿಹೋಗಿತ್ತು.

ಪೆಟ್ಟಿನಿಂದ ಬಂದದ್ದೆಂದು ಖಚಿತವಾದರೆ ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ, ಅದು ಸರಿಯಾದ ದಾರಿ ಎಂದೇ ನನ್ನ ನಂಬಿಕೆ. ಮೂಳೆ ಬಲಿಯುವವರೆಗೆ ಹಲವು ತಿಂಗಳು ಕಾಯುವುದು, ತೆಗೆದ ಜಾಗದಲ್ಲಿ ಕೊಬ್ಬನ್ನಿಟ್ಟು ಮೂಳೆ ಮತ್ತೆ ಕೂಡದಂತೆ ತಡೆಯುವುದು, ಇವೆಲ್ಲ ವಿವೇಕದ ಕ್ರಮಗಳು. ಇಂಡೊಮೆಥಸಿನ್‌ನಂಥ ಮಾತ್ರೆ ಮರುಕಳಿಸುವುದನ್ನು ತಡೆಯುತ್ತದೆಂಬ ಭರವಸೆ ಬಹುಮಟ್ಟಿಗೆ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯ ಅನುಭವದಿಂದ ಎರವಲು ತಂದದ್ದು. ದವಡೆಗೆ ಅದು ಅಷ್ಟೇ ಒಪ್ಪುತ್ತದೆಂದು ಹೇಳಲು ಆಧಾರ ತೆಳುವಾಗಿದೆ.

ನನ್ನ ತಕರಾರು ಇರುವುದು ಯಶಸ್ಸನ್ನು ಅಳೆಯುವ ರೀತಿಯ ಬಗ್ಗೆ. ಈ ಕಾಯಿಲೆಯ ಕುರಿತ ಬರಹಗಳಲ್ಲಿ ಹೆಚ್ಚಿನವು ಒಬ್ಬಿಬ್ಬರು ರೋಗಿಗಳ ವರದಿಗಳು. ಅರಿವಳಿಕೆಯಲ್ಲಿ ಮಲಗಿದವರ ಬಾಯಿ 35 ಮಿಲಿಮೀಟರ್ ತೆರೆದರೆ ಅದು ಶಸ್ತ್ರವೈದ್ಯರ ಸಾಧನೆ, ನಿಜ. ಆದರೆ ನೋವು, ಬಾವು ಎಲ್ಲ ಇದ್ದೂ ಮನೆಯಲ್ಲಿ ಕೂತು, ಹಲ್ಲುಗಳ ನಡುವೆ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಸೇರಿಸುತ್ತ, ದಿನಕ್ಕೆ ಹಲವು ಬಾರಿ ತಿಂಗಳುಗಟ್ಟಲೆ ಬಾಯಿ ಹಿಗ್ಗಿಸಬೇಕಾದವರು ರೋಗಿ. ಅದು ನಿಂತರೆ ಗಾಯದ ಕಲೆ ಬಿಗಿದು ಬಾಯಿ ಮತ್ತೆ ಕಿರಿದಾಗುತ್ತದೆ. ಕತ್ತರಿಸಿದ ಬಗೆಗೆ ಪುಟಗಟ್ಟಲೆ ಬರೆದು, ಈ ವ್ಯಾಯಾಮವನ್ನು ಒಂದೇ ಸಾಲಿನಲ್ಲಿ ಮುಗಿಸುವುದು ಅನ್ಯಾಯ. ಯಾವ ದಿನ ಶುರುಮಾಡಿದರು, ನೋವಿಗೆ ಏನು ಕೊಟ್ಟರು, ಯಾರು ಕಲಿಸಿದರು, ವರ್ಷದ ನಂತರ ಅಳತೆ ಎಷ್ಟಿತ್ತು ಎಂಬುದನ್ನು ಬರೆಯದ ವರದಿಯಿಂದ, ಮುಂದಿನ ರೋಗಿಗೆ ಚಿಕಿತ್ಸೆ ಕೊಡುವ ವೈದ್ಯರಿಗೆ ಅರ್ಧ ಕಥೆಯಷ್ಟೇ ಸಿಗುತ್ತದೆ.