ಆವರಣದೊಳಗಿನ ಹಿಮ

ನವೆಂಬರ್ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಒಂದು ಕರಪತ್ರ ಅಂಟಿಕೊಳ್ಳುತ್ತದೆ. ದೆಹಲಿಯಿಂದ ದೆಹಲಿಗೆ ಐದು ರಾತ್ರಿ, ಆರು ಹಗಲು. ಶಿಮ್ಲಾ, ಕುಲು, ಮನಾಲಿ. ಕನ್ನಡ ಬಲ್ಲ ಮ್ಯಾನೇಜರು, ಜೊತೆಯಲ್ಲೇ ಬರುವ ಅಡುಗೆಯವರು. ನಡುವೆ ಸ್ಕೀ ಕೋಲು ಹಿಡಿದು ನಗುವ ಯಾವುದೋ ವಿದೇಶಿ ಸಂಸಾರ. ಬೆಂಗಳೂರಿನ ಕೃಷ್ಣರಾಜಪುರದಲ್ಲಿ ಇಪ್ಪತ್ತು ವರ್ಷದಿಂದ ಇರುವ ನಾನು ಈ ಕರಪತ್ರದ ಹತ್ತಾರು ಆವೃತ್ತಿಗಳನ್ನು ಓದಿದ್ದೇನೆ. ಬಣ್ಣ ಬದಲಾಗಿದೆ, ದರ ಬದಲಾಗಿದೆ, ಪಠ್ಯ ಬದಲಾಗಿಲ್ಲ. ಕಡಿಮೆ ಖರ್ಚಿನಲ್ಲಿ ಮನೆಮಂದಿಗೆಲ್ಲ ಹಿಮ ತೋರಿಸಿ, ಸ್ಕೀಯನ್ನೂ ಆಡಿಸಿಕೊಂಡು ಬರಲು ಇದೊಂದೇ ದಾರಿ ಎಂಬ ಕೀರ್ತಿ ಮಾತ್ರ ವರ್ಷ ವರ್ಷ ಬೆಳೆದಿದೆ. ದೂರವಾಣಿನಗರದ ಹಳೆಯ ಐಟಿಐ ಬಡಾವಣೆಯಿಂದ ಹಿಡಿದು ಮಹದೇವಪುರದ ಹೊಸ ಗೋಪುರಗಳವರೆಗೆ, ಹೋಗಿಬಂದವರೆಲ್ಲ ಅದಕ್ಕೆ ಸಾಕ್ಷಿ ನುಡಿಯುತ್ತಾರೆ: 'ಸ್ಕೀಯಿಂಗೂ ಆಯ್ತು ಮೇಡಂ.'

ಆಗಿಲ್ಲ. ನನ್ನ ತಕರಾರು ಇಷ್ಟೇ. ಮನಾಲಿ ಚೆನ್ನಾಗಿಲ್ಲವೆಂದೋ ಪ್ಯಾಕೇಜಿನವರು ಮೋಸಗಾರರೆಂದೋ ನಾನು ಹೇಳುತ್ತಿಲ್ಲ. ಒಂದು ಪಠ್ಯ ತಾನು ಕೊಡುತ್ತೇನೆಂದದ್ದನ್ನು ಕೊಡದೆಯೇ ಕೊಟ್ಟಂತೆ ನಂಬಿಸುವ ಕಲೆ ನನ್ನನ್ನು ಕಾಡುತ್ತಿದೆ. ಇಡೀ ಕರಪತ್ರದಲ್ಲಿ ಸ್ಕೀಗೆ ಮೀಸಲಾದದ್ದು ಒಂದೇ ವಾಕ್ಯ. ಅದನ್ನು ನಿಧಾನವಾಗಿ ಓದಬೇಕು.

'ನಾಲ್ಕನೇ ದಿನ: ಉಪಾಹಾರದ ನಂತರ ಸೋಲಾಂಗ್ ಕಣಿವೆಗೆ ಪ್ರಯಾಣ, ಅಲ್ಲಿ ಸ್ಕೀಯಿಂಗ್, ಜೋರ್ಬಿಂಗ್, ಪ್ಯಾರಾಗ್ಲೈಡಿಂಗ್, ಯಾಕ್ ಸವಾರಿ ಇತ್ಯಾದಿ ಹಿಮದಾಟಗಳನ್ನು ಆನಂದಿಸಬಹುದು (ಸ್ವಂತ ಖರ್ಚಿನಲ್ಲಿ).'

'ಉಪಾಹಾರದ ನಂತರ' ಎನ್ನುವುದು ಮುಗ್ಧವಾಗಿ ಕಾಣುವ ಮಾತು. ನಲವತ್ತು ಜನರ ತಂಡಕ್ಕೆ ಉಪ್ಪಿಟ್ಟು, ಕಾಫಿ ಮುಗಿಯುವಾಗ ಹತ್ತು ಗಂಟೆ. ಮನಾಲಿಯಿಂದ ಸೋಲಾಂಗ್‌ಗೆ ಹದಿಮೂರು ಹದಿನಾಲ್ಕು ಕಿಲೋಮೀಟರ್ ಅಷ್ಟೆ. ಆದರೆ ದಾರಿಯುದ್ದಕ್ಕೂ ನಂಬರು ಹೊತ್ತ ಕೋಟು-ಬೂಟಿನ ಬಾಡಿಗೆ ಅಂಗಡಿಗಳಿವೆ, ಡ್ರೈವರು ತನಗೆ ಗೊತ್ತಿರುವ ನಂಬರಿನ ಮುಂದೆಯೇ ಗಾಡಿ ನಿಲ್ಲಿಸುತ್ತಾನೆ. ಹಿಮ ಜೋರಾಗಿ ಬಿದ್ದ ದಿನ ನೆಹರೂ ಕುಂಡದ ಹತ್ತಿರ ಪೊಲೀಸರು ಮಾಮೂಲಿ ಗಾಡಿಗಳನ್ನು ತಡೆದು ಫೋರ್ ಬೈ ಫೋರ್ ಜೀಪುಗಳನ್ನಷ್ಟೇ ಮೇಲಕ್ಕೆ ಬಿಡುತ್ತಾರೆ. ಅಲ್ಲಿ ಇನ್ನೊಂದು ಬಾಡಿಗೆ, ಇನ್ನೊಂದು ಕಾಯುವಿಕೆ. ಕಣಿವೆ ಮುಟ್ಟುವಾಗ ಮಧ್ಯಾಹ್ನ. ಕಲಿಯುವವರಿಗೆ ಬೇಕಿದ್ದದ್ದು ಬೆಳಗಿನ ಖಾಲಿ ಇಳಿಜಾರು. ಸಿಗುವುದು ಸಾವಿರ ಗಂಬೂಟುಗಳು ತುಳಿದು ರಾಡಿ ಮಾಡಿದ ಹಿಮ. ಅಂದರೆ ಸ್ಕೀಯ ಸೋಲು ಸೋಲಾಂಗ್‌ನಲ್ಲಿ ಆಗುವುದಲ್ಲ, ತಿಂಡಿಯ ತಟ್ಟೆಯ ಮುಂದೆಯೇ ಆಗಿಹೋಗಿರುತ್ತದೆ.

ಆಮೇಲೆ ಆ ಪಟ್ಟಿ. ಸ್ಕೀಯಿಂಗ್ ಮತ್ತು ಯಾಕ್ ಸವಾರಿ ಒಂದೇ ಸಾಲಿನಲ್ಲಿ, ಒಂದೇ ವಿಭಕ್ತಿಯಲ್ಲಿ. ಯಾಕ್ ಮೇಲೆ ಕೂತರೆ ಉಳಿದದ್ದನ್ನು ಯಾಕ್ ನೋಡಿಕೊಳ್ಳುತ್ತದೆ. ಜೋರ್ಬಿಂಗ್‌ನಲ್ಲಿ ನಿಮ್ಮನ್ನು ಚೆಂಡಿನೊಳಗೆ ತುಂಬಿ ಉರುಳಿಸುತ್ತಾರೆ. ಪ್ಯಾರಾಗ್ಲೈಡಿಂಗ್‌ನಲ್ಲಿ ಹಿಂದೆ ಪೈಲಟ್ ಇರುತ್ತಾನೆ. ಈ ಮೂರರಲ್ಲೂ ನೀವು ಸಾಮಾನು. ಸ್ಕೀಯಲ್ಲಿ ಮಾತ್ರ ನೀವೇ ಕರ್ತೃ. ಈಜು, ಸೈಕಲ್, ವೀಣೆಯ ಜಾತಿಗೆ ಸೇರಿದ ವಿದ್ಯೆಯನ್ನು ಜಾತ್ರೆಯ ರಂಗರಾಟೆಯ ಪಕ್ಕ ನಿಲ್ಲಿಸಿದ್ದು ಈ ವಾಕ್ಯದ ಮೂಲ ಪಾಪ. ಪಟ್ಟಿಗೆ ಇನ್ನೊಂದು ಲಾಭವೂ ಉಂಟು: ಚೆಂಡು ಬೇಸಿಗೆಯ ಹುಲ್ಲಿನ ಮೇಲೂ ಉರುಳುತ್ತದೆ, ಪ್ಯಾರಾಗ್ಲೈಡರ್ ಮೇ ತಿಂಗಳಲ್ಲೂ ಹಾರುತ್ತದೆ. ಹಾಗಾಗಿ ಹಿಮ ಇರಲಿ ಬಿಡಲಿ, ಪಟ್ಟಿಯಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಉಳಿದದ್ದನ್ನು 'ಇತ್ಯಾದಿ' ಹೊತ್ತುಕೊಳ್ಳುತ್ತದೆ.

'ಆನಂದಿಸಬಹುದು.' ಕನ್ನಡದ 'ಬಹುದು' ಎಂಥ ಅನುಕೂಲಸಿಂಧು ಪ್ರತ್ಯಯ! 'ನೀವಿನ್ನು ಹೋಗಬಹುದು' ಎಂದರೆ ಅನುಮತಿ. 'ಇವತ್ತು ಮಳೆ ಬರಬಹುದು' ಎಂದರೆ ಊಹೆ. ದುಡ್ಡು ಕಟ್ಟುವವರು ಅನುಮತಿಯ ಅರ್ಥದಲ್ಲಿ ಓದುತ್ತಾರೆ, ದುಡ್ಡು ತೆಗೆದುಕೊಂಡವರು ಊಹೆಯ ಅರ್ಥದಲ್ಲಿ ಬರೆದಿರುತ್ತಾರೆ. ಎರಡರ ನಡುವೆ ಒಂದು ಸಂಸಾರದ ವರ್ಷದ ಉಳಿತಾಯ ಜಾರಿಹೋಗುತ್ತದೆ. ವಾಕ್ಯದಲ್ಲಿ ನಿಜವಾಗಿ ಜಾರುವುದು ಅದೊಂದೇ.

ಇನ್ನು ಆವರಣ ಚಿಹ್ನೆ. ಇರದಿದ್ದರೂ ನಡೆಯುವ ಮಾತನ್ನು ಆವರಣದೊಳಗೆ ಹಾಕಬೇಕೆಂದು ಶಾಲೆಯಲ್ಲಿ ಕಲಿತಿದ್ದೆವು. ಇಲ್ಲಿ ಇಡೀ ವಾಕ್ಯದ ತಿರುಳೇ ಅದರೊಳಗಿದೆ. ಹೋಟೆಲಿನ ಸೋಫಾ, ಶಾಲು ನೇಯುವ ಕಾರ್ಖಾನೆಯ ಭೇಟಿ, ಮಾಲ್ ರೋಡಿನ ಸಂಜೆ ಎಲ್ಲವೂ ದರದೊಳಗೆ. ಯಾವುದನ್ನು ನೆನೆದು ಮಕ್ಕಳು ಒಂದು ತಿಂಗಳು ನಿದ್ದೆಗೆಟ್ಟಿದ್ದರೋ ಅದು ಮಾತ್ರ ದರದಾಚೆ. ಪರಿಣಾಮ ಏನಾಗುತ್ತದೆಂದು ನಾನೇ ಕಂಡಿದ್ದೇನೆ. ಚೌಕಾಸಿ ಹಿಮದ ಮೇಲೆ ನಡೆಯುತ್ತದೆ, ಒದ್ದೆ ಕಾಲುಚೀಲದಲ್ಲಿ. ನಾಲ್ಕು ಜನರ ಲೆಕ್ಕ ಕೇಳಿದ ಯಜಮಾನರ ಮುಖ ಸಣ್ಣದಾಗುತ್ತದೆ. ಮೊದಲು ಅಮ್ಮ 'ನಂಗೆ ಬೇಡ, ಮಂಡಿ ನೋವು' ಎನ್ನುತ್ತಾಳೆ. ಆಮೇಲೆ ಅಪ್ಪ 'ನಾನು ವಿಡಿಯೊ ಮಾಡ್ತೀನಿ' ಎನ್ನುತ್ತಾನೆ. ಆ ಪುಟ್ಟ ಕಂಸ ಸಂಸಾರವನ್ನು ಎರಡಾಗಿ ಸೀಳುತ್ತದೆ: ಜಾರುವವರು, ಫೋಟೊ ತೆಗೆಯುವವರು. ಜಾರುವವರಿಗೂ ಅರ್ಧ ಗಂಟೆ. ನನ್ನ ಮಗಳಿಗೆ ಅಳತೆ ಕೇಳದೆ ಬೂಟು ತೊಡಿಸಿದ ಹುಡುಗ ಅವಳ ಮೊಣಕೈ ಹಿಡಿದು ಹತ್ತು ಹೆಜ್ಜೆ ಎಳೆದ, ಕೋಲು ಎತ್ತಿಸಿ ನಿಲ್ಲಿಸಿದ, 'ಹೋ ಗಯಾ' ಅಂದ. ಆ ಚಿತ್ರ ಈಗಲೂ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ನೋಡಿದವರಿಗೆ ಅವಳು ಜಾರುತ್ತಿದ್ದಾಳೆಂದೇ ಅನ್ನಿಸುತ್ತದೆ.

ಹಾಗಾದರೆ ಆಗಬೇಕಿದ್ದದ್ದು ಏನು? ಹೊಸಬರಿಗೆ ಸ್ಕೀಯಲ್ಲಿ ಕಲಿಸುವ ಮೊದಲ ವಿದ್ಯೆ ಓಡುವುದಲ್ಲ, ನಿಲ್ಲುವುದು. ಸ್ನೋಪ್ಲೋ ಅನ್ನುತ್ತಾರೆ: ಎರಡು ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ, ಒಳ ಅಂಚುಗಳನ್ನು ಹಿಮಕ್ಕೆ ಕಚ್ಚಿಸುವುದು. ಎಷ್ಟು ಅಗಲಿಸಿದರೆ ಅಷ್ಟು ಬ್ರೇಕು. ಪರದೇಶದ ಮೇಷ್ಟ್ರುಗಳು ಮಕ್ಕಳಿಗೆ ಇದನ್ನು ಪಿಜ್ಜಾ ತುಂಡು ಎಂದು ಹೇಳಿಕೊಡುತ್ತಾರೆ. ನಮ್ಮ ಮಕ್ಕಳಿಗೂ ಅರ್ಥವಾಗುತ್ತದೆ, ಏನು ಮಾಡುವುದು. ಅಲ್ಲಿಗೆ ಬರುವ ಮೊದಲೇ ಒಂದು ಬೆಳಗು ಬೇಕು: ಹಿಮ್ಮಡಿ ಅಲುಗದಂತೆ ಬಿಗಿಯುವ ಬೂಟಿನಲ್ಲಿ ನಡೆಯಲು, ಇಳಿಜಾರಿಗೆ ಅಡ್ಡ ನಿಂತು ಏಡಿಯ ಹಾಗೆ ಪಕ್ಕಪಕ್ಕಕ್ಕೆ ಹತ್ತಲು, ಬೀಳಲು, ಬಿದ್ದಲ್ಲಿಂದ ಯಾರ ಕೈಯೂ ಹಿಡಿಯದೆ ಏಳಲು. ಎರಡನೇ ಬೆಳಗಿಗೆ ನಿಲ್ಲುವುದು ಬರುತ್ತದೆ. ಮೂರನೆಯದಕ್ಕೆ ತಿರುಗುವುದು, ಅಲ್ಲೊಂದು ವಿಚಿತ್ರವಿದೆ, ಎಡಕ್ಕೆ ತಿರುಗಬೇಕಾದರೆ ಭಾರವನ್ನು ಬಲಗಾಲಿಗೆ ಕೊಡಬೇಕು. ತಲೆ ಕೂಡಲೇ ಒಪ್ಪುತ್ತದೆ. ತೊಡೆ ಒಪ್ಪಲು ಒಂದು ರಾತ್ರಿಯ ನಿದ್ದೆ ಬೇಕು. ಸ್ಕೀ ಮೈಗೆ ಹತ್ತುವುದು ರಾತ್ರಿಗಳಲ್ಲಿ. ಒಂದೇ ದಿನ ಆರು ಗಂಟೆ ಕಲಿತರೂ ಮೂರು ದಿನ ಎರಡೆರಡು ಗಂಟೆ ಕಲಿತದ್ದಕ್ಕೆ ಸಮನಾಗದು. ಅರ್ಧ ಗಂಟೆಯ ಮಾತಂತೂ ಬೇಡ.

ಲೆಕ್ಕ ಹಾಕಿ. ಐದು ರಾತ್ರಿ, ಆರು ಹಗಲು ಎಂದರೆ ಹೆಚ್ಚೆಂದರೆ 144 ಗಂಟೆ. ದೆಹಲಿಯಿಂದ ಶಿಮ್ಲಾಕ್ಕೆ ಸುಮಾರು 350, ಅಲ್ಲಿಂದ ಮನಾಲಿಗೆ 250, ಮರಳಿ ದೆಹಲಿಗೆ 530 ಕಿಲೋಮೀಟರ್. ಘಟ್ಟದ ರಸ್ತೆಯಲ್ಲಿ ಇದು ಹೆಚ್ಚುಕಡಿಮೆ ಮೂವತ್ತು ಗಂಟೆಯ ಕೂರಾಟ. ಮೂವತ್ತು ಗಂಟೆ ಬಸ್ಸು, ಅರ್ಧ ಗಂಟೆ ಹಿಮ. ಅಷ್ಟು ಹೊತ್ತು ಕೂತೇ ಇರುವುದಕ್ಕೆ ನಮ್ಮ ಟಿನ್ ಫ್ಯಾಕ್ಟರಿ ಸಿಗ್ನಲ್ಲೇ ಸಾಕಿತ್ತಲ್ಲ.

ಸಮತೋಲನಕ್ಕೆಂದು ಒಂದು ಮಾತು: ಪ್ಯಾಕೇಜಿನ ಅನ್ನ ಸಾರು ನಿಜಕ್ಕೂ ಚೆನ್ನಾಗಿತ್ತು.

ಇಷ್ಟು ಹೇಳಿದ್ದಕ್ಕೆ ಪ್ರವಾಸ ಬರೆಯುವ ಮಿತ್ರರೊಬ್ಬರು ನನ್ನ ಮೇಲೆ ಮುನಿದಿದ್ದಾರೆ. ಅವರ ವಾದ: ನಮ್ಮಂಥವರಿಗೆ ಹಿಮ ನೋಡುವುದೇ ಪುಣ್ಯ, ಸ್ಕೀ ಎನ್ನುವುದು ದೊರೆಗಳ ಚಟ, ಅದನ್ನು ಕಲಿಯುವ ಹಟ ವಸಾಹತುಶಾಹಿಯ ಪಳೆಯುಳಿಕೆ, ಅಷ್ಟೂ ಆಸೆಯಿದ್ದರೆ ಬೆಂಗಳೂರಲ್ಲೇ ಫನ್ ವರ್ಲ್ಡ್ ಪಕ್ಕ ಒಳಾಂಗಣ ಹಿಮದ ಸ್ನೋ ಸಿಟಿಯಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ದೊರೆಗಳ ಚಟವೆಂಬ ಮಾತು ಅರ್ಧ ನಿಜ. 1927ರಲ್ಲಿ ಗುಲ್ಮಾರ್ಗ್‌ನಲ್ಲಿ ಸ್ಕೀ ಕ್ಲಬ್ ಕಟ್ಟಿದವರು ಬ್ರಿಟಿಷ್ ಸೇನಾಧಿಕಾರಿಗಳೇ. ಆದರೆ ನಮ್ಮ ದಂಡಿನಲ್ಲಿ 1876ರಿಂದ ಗಾಲ್ಫ್ ಆಡುತ್ತಿದ್ದವರೂ ಅವರೇ. ಅದರ ಬಗ್ಗೆ ಮಿತ್ರರು ಇದುವರೆಗೆ ಒಂದು ಸಾಲೂ ಬರೆದಿಲ್ಲ. ಕ್ರಿಕೆಟ್ಟಿನ ಮಾತನ್ನಂತೂ ನಾನು ಎತ್ತುವುದೇ ಇಲ್ಲ. ಹಿಮ ದಕ್ಷಿಣದವರ ಮೈಗೆ ಒಗ್ಗದು ಎಂಬ ಅವರ ಒಳದನಿಗೆ ಉತ್ತರ ಕೊಡಗಿನಿಂದ ಬಂದಾಗಿದೆ. ತೆಕ್ಕಡ ಭವಾನಿ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಲ್ಲಿ ಚಿಲಿ ದೇಶದವರೆಗೆ ಹೋಗಿ ಕಂಚು ಗೆದ್ದು ಬಂದರು. 'ಮುತ್ತಿನ ಹಾರ' ಚಿತ್ರದಲ್ಲಿ ಕೊಡಗಿನ ಯೋಧನಾಗಿ ವಿಷ್ಣುವರ್ಧನ್ ಹಿಮದಲ್ಲಿ ನಡೆದದ್ದನ್ನು ನೋಡಿ 1990ರಲ್ಲಿ ಕಣ್ಣೊರೆಸಿಕೊಂಡ ನಮಗೆ, ಕೊಡಗಿಗೂ ಹಿಮಕ್ಕೂ ಇರುವ ನಂಟು ಹೊಸದೇನೂ ಅಲ್ಲ.

ಸ್ನೋ ಸಿಟಿಯ ವಿಷಯ ಬೇರೆ. ಸೊನ್ನೆಗಿಂತ ಕೆಳಗಿನ ಚಳಿ ಹೇಗಿರುತ್ತದೆಂದು ಆರು ವರ್ಷದ ಮಗುವಿಗೆ ತಿಳಿಸಲು ಅದು ಒಳ್ಳೆಯದೇ. ಬಾಡಿಗೆ ಜಾಕೆಟ್ಟು, ಕೈಗವಸು ಎಲ್ಲಿ ಒದ್ದೆಯಾಗುತ್ತವೆ ಎಂಬುದೂ ಗೊತ್ತಾಗುತ್ತದೆ. ಆದರೆ ಮಿತ್ರರು ಮಾಡುವ ತಪ್ಪೇ ಇದು: ಚಳಿಯನ್ನು, ಬಿಳುಪನ್ನು, ಸ್ಕೀಯನ್ನು ಒಂದೇ ಎಂದುಕೊಳ್ಳುವುದು. ಛಾವಣಿಯ ಕೆಳಗೆ ಸ್ಕೀ ಸಾಧ್ಯವಿಲ್ಲವೆಂದಲ್ಲ. ದುಬೈಯ ಮಾಲ್ ಆಫ್ ದಿ ಎಮಿರೇಟ್ಸ್‌ನಲ್ಲಿ 2005ರಿಂದ 400 ಮೀಟರ್ ಉದ್ದದ ಇಳಿಜಾರಿದೆ, ಮೇಷ್ಟ್ರುಗಳಿದ್ದಾರೆ. ಅಲ್ಲಿನ ಕನ್ನಡದ ಮಕ್ಕಳು ಮರಳುಗಾಡಿನ ನಡುವೆ ಸ್ನೋಪ್ಲೋ ಕಲಿಯಬಹುದು. ಈ 'ಬಹುದು' ಅನುಮತಿಯದು, ಗಮನಿಸಿ.

ಇದಕ್ಕೆ ವಿರುದ್ಧ ತುದಿಯಲ್ಲಿ ಶುದ್ಧಾಚಾರಿಗಳಿದ್ದಾರೆ. ಅವರ ಪ್ರಕಾರ ಸೋಲಾಂಗ್ ಕೆಟ್ಟಿದೆ, ಸ್ಕೀ ಎಂದರೆ ಗುಲ್ಮಾರ್ಗ್, ಮಿಕ್ಕದ್ದೆಲ್ಲ ಸಂತೆ. ಗುಲ್ಮಾರ್ಗ್ ದೊಡ್ಡದು, ಸರಿ. ಅಲ್ಲಿನ ಕೇಬಲ್ ಕಾರು ಗೊಂಡೋಲಾದ ಎರಡನೇ ಹಂತ 3,900 ಮೀಟರ್ ದಾಟಿ ಒಯ್ಯುತ್ತದೆ. ಆದರೆ 900 ಮೀಟರ್ ಎತ್ತರದ ಬೆಂಗಳೂರಿನಿಂದ ಹೋದ ಹೊಸಬರಿಗೆ ಅಲ್ಲೇನು ಕೆಲಸ? ಅವರಿಗೆ ಬೇಕಾದದ್ದು ಕೆಳಗಿನ ಚಪ್ಪಟೆ ಬಯಲು, ಹತ್ತಿಸಿಬಿಡುವ ಒಂದು ಲಿಫ್ಟು. ಇನ್ನು ಸೋಲಾಂಗ್‌ನ ವಿಷಯ: 2018ರಲ್ಲಿ ಟರ್ಕಿಯಲ್ಲಿ ಸ್ಕೀಯಲ್ಲಿ ಭಾರತಕ್ಕೆ ಮೊದಲ ಅಂತಾರಾಷ್ಟ್ರೀಯ ಪದಕ ತಂದ ಆಂಚಲ್ ಠಾಕೂರ್ ಅದೇ ಕಣಿವೆಯ ಪಕ್ಕದ ಬುರುವಾ ಊರಿನವರು. ನೆಲದ ತಪ್ಪಲ್ಲ, ಗಡಿಯಾರದ್ದು.

ಗಡಿಯಾರದ ಮಾತು ತಿಳಿದವರು ಸರ್ಕಾರಿ ಸಂಸ್ಥೆಗಳವರು, ಯಾರೂ ಅವರ ಹೆಸರೆತ್ತುವುದಿಲ್ಲ. ಮನಾಲಿಯಲ್ಲಿ 1961ರಿಂದ ಇರುವ ಪರ್ವತಾರೋಹಣ ಸಂಸ್ಥೆ (ಈಗ ಅದಕ್ಕೆ ಅಟಲ್ ಬಿಹಾರಿ ವಾಜಪೇಯಿ ಹೆಸರು) ಸೋಲಾಂಗ್‌ನಲ್ಲಿ ಹದಿನಾಲ್ಕು ದಿನದ ಸ್ಕೀ ಶಿಬಿರ ನಡೆಸುತ್ತದೆ; ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ್ದೇ ಒಂದು ಸಂಸ್ಥೆಯಿದೆ; ಉತ್ತರಾಖಂಡದ ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ ಏಳು ದಿನದ, ಹದಿನಾಲ್ಕು ದಿನದ ಕೋರ್ಸುಗಳನ್ನು ನಡೆಸಿಕೊಂಡು ಬಂದಿದೆ. ಇವು ಅಜ್ಜಿ ಮೊಮ್ಮಕ್ಕಳ ಸಂಸಾರಕ್ಕೆ ಹೊಂದುವಂಥವಲ್ಲ, ಒಪ್ಪಿದೆ. ಹೊಂದುವುದು ಅವುಗಳ ವ್ಯಾಕರಣ: ಒಂದೇ ಊರು, ಒಂದೇ ಮೇಷ್ಟ್ರು, ಸಾಲಾಗಿ ಬೆಳಗುಗಳು. ಅದನ್ನೇ ಚಿಕ್ಕದು ಮಾಡಿ ಹೋದ ಜನವರಿಯಲ್ಲಿ ನಾವು ಹೋಗಿಬಂದೆವು. ಶಿಮ್ಲಾ ಹೊಡೆದುಹಾಕಿದೆ, ಶಾಲಿನ ಕಾರ್ಖಾನೆ ಹೊಡೆದುಹಾಕಿದೆ, ಅಟಲ್ ಸುರಂಗದ ಆಚೆಯ ಸಿಸ್ಸುವನ್ನು ಸಂಕಟದಿಂದಲೇ ಹೊಡೆದುಹಾಕಿದೆ. ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ರೈಲು, ಅಲ್ಲಿಂದ ಬಸ್ಸು, ಸೋಲಾಂಗ್ ರಸ್ತೆಯಲ್ಲೇ ಅಡುಗೆಮನೆಯಿರುವ ಒಂದು ಹೋಂಸ್ಟೇ. ಕೊಂಡದ್ದು ಉಣ್ಣೆಯ ಕಾಲುಚೀಲ ಮತ್ತು ನೀರು ಹಿಡಿಯದ ಕೈಗವಸು ಮಾತ್ರ. ಮಿಕ್ಕದ್ದೆಲ್ಲ ಬಾಡಿಗೆ, ಅಳತೆ ನೋಡಿ, ಮೂರು ದಿನಕ್ಕೆ ಒಟ್ಟಿಗೆ. ಮೇಷ್ಟ್ರ ಸಂಬಳವನ್ನು ಆವರಣದಿಂದ ಹೊರತೆಗೆದು ಪಟ್ಟಿಯ ಮೊದಲ ಸಾಲಿಗೆ ಹಾಕಿದೆವು. ಚಟ್ನಿಪುಡಿ, ಚಪಾತಿ ಜೇಬಿನಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಇಳಿಜಾರಿನ ಮೇಲೆ.

ಜನವರಿ ಯಾಕೆ ಎಂಬುದೇ ಕರಪತ್ರ ಮುಚ್ಚಿಡುವ ಇನ್ನೊಂದು ಗುಟ್ಟು. ದಸರಾ ರಜೆಗೆ ಸೋಲಾಂಗ್‌ನಲ್ಲಿ ಹಿಮ ಇನ್ನೂ ಬಿದ್ದಿರುವುದಿಲ್ಲ, ಬೇಸಿಗೆ ರಜೆಗೆ ಕರಗಿರುತ್ತದೆ. ಕ್ರಿಸ್ಮಸ್ ಹೊತ್ತಿಗೆ ಜೂಜು. ನಂಬಿಕೆಗೆ ತಕ್ಕದ್ದು ಜನವರಿಯ ನಡುವಿನಿಂದ ಫೆಬ್ರುವರಿ. ಅದೂ ಈಗೀಗ ಪೂರ್ತಿ ನಂಬುವಂತಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬರಿಗಂದು ಹುಲ್ಲಾಗಿ ಮಲಗಿತ್ತು, 2025ರಲ್ಲಿ ಅಲ್ಲಿನ ಖೇಲೋ ಇಂಡಿಯಾ ಕ್ರೀಡಾಕೂಟ ಹಿಮಕ್ಕಾಗಿ ಮಾರ್ಚ್‌ವರೆಗೆ ಕಾದಿತ್ತು. ಕರ್ನಾಟಕದ ಶಾಲೆಯ ಕ್ಯಾಲೆಂಡರಿಗೂ ಹಿಮಾಲಯದ ಕ್ಯಾಲೆಂಡರಿಗೂ ಜಾತಕ ಕೂಡುವುದಿಲ್ಲ. ಆದ್ದರಿಂದ ಅಗ್ಗದ ಸ್ಕೀ ಪ್ರವಾಸದ ಮೊದಲ ದಾಖಲೆ ಟಿಕೆಟ್ಟಲ್ಲ, ರಜಾ ಅರ್ಜಿ.

ಆ ಅರ್ಜಿಯನ್ನು ನಾನೇ ಬರೆದೆ. ಮೈ ಹುಷಾರಿಲ್ಲ, ಊರಲ್ಲಿ ಮದುವೆ ಎಂಬ ರೂಢಿಯ ಕಾರಣಗಳನ್ನು ಬಿಟ್ಟು, ಸ್ಕೀಯಿಂಗ್ ಕಲಿಯಲು ಒಂಬತ್ತು ದಿನ ರಜೆ ಬೇಕು ಎಂದು ನೇರವಾಗಿ ಬರೆದು ಸಹಿ ಹಾಕಿ ಕೊಟ್ಟೆ. ಕ್ಲಾಸ್ ಟೀಚರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

'ಒಂಬತ್ತು ದಿನ ಯಾಕೆ ಮೇಡಂ? ಸ್ನೋ ಸಿಟಿಗೆ ಭಾನುವಾರ ಹೋಗಿಬರಬಹುದಲ್ಲ?'