ವಾಲಿದ ಮರ, ಮಲಗಿದ ಮರ

ಡಿಸೆಂಬರಿನ ಒಂದು ಬೆಳಿಗ್ಗೆ ಏಳು ಗಂಟೆಗೆ ಲಾಲ್‌ಬಾಗಿನಲ್ಲಿ ನಡುವಯಸ್ಸಿನ ಮನುಷ್ಯನೊಬ್ಬ ಮನೆಯ ಬೀಗದಕೈಯನ್ನು ದಾರಕ್ಕೆ ಕಟ್ಟಿ, ತೋಳು ಚಾಚಿ, ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದರೆ ವಾಕಿಂಗಿಗೆ ಬಂದವರು ತುಸು ದೂರದಿಂದಲೇ ಸುತ್ತಿಕೊಂಡು ಹೋಗುತ್ತಾರೆ. ಕಾವಲಿನವರೊಬ್ಬರು ಮಾತ್ರ ಹತ್ತಿರ ಬಂದು ಕೇಳಿದರು: 'ಏನ್ ಸಾರ್, ವಾಸ್ತುನಾ?'

'ಅಲ್ಲಪ್ಪ, ಈ ಮರ ಎಷ್ಟು ವಾಲಿದೆ ಅಂತ ನೋಡ್ತಿದೀನಿ.'

ಅವರು ಮರ ನೋಡಿದರು, ದಾರ ನೋಡಿದರು, ನನ್ನನ್ನೂ ನೋಡಿದರು. 'ಬೀಳಲ್ಲ ಬಿಡಿ ಸಾರ್. ನಾನು ಬಂದಾಗಿಂದ ಹಿಂಗೇ ಐತೆ.'

ಈ ವರ್ಷದ ನನ್ನ ಕ್ರಿಸ್‌ಮಸ್ ಮರಗಳ ಸುತ್ತಾಟ ಶುರುವಾದದ್ದು ಹೀಗೆ. ಊರಿಗೆ ಹೋಗುವ ಮೊದಲು ಬೆಂಗಳೂರಿನ ಮರಗಳನ್ನೆಲ್ಲ ಒಮ್ಮೆ ನೋಡಿ ಬರುವುದು ನನ್ನ ಹಳೆಯ ಚಟ. ಕೆಲವರು ಗಣೇಶನ ಪೆಂಡಾಲುಗಳನ್ನು ನೋಡುತ್ತ ಬೀದಿ ಬೀದಿ ಅಲೆಯುವುದಿಲ್ಲವೇ, ಹಾಗೆ. ಚರ್ಚಿನ ಅಂಗಳದ್ದು, ಮಾಲಿನದ್ದು, ಹೋಟೆಲಿನ ಮೊಗಸಾಲೆಯದ್ದು, ಯಾರದೋ ಹಳೇ ಬಂಗಲೆಯ ಕಾಂಪೌಂಡಿನೊಳಗಿಂದ ಇಣುಕುವುದು, ಯಾವುದನ್ನೂ ಬಿಡುವುದಿಲ್ಲ. ನೋಡಿದ ಮೇಲೆ ಮಾರ್ಕು ಕೊಡುವ ಕೆಟ್ಟ ಅಭ್ಯಾಸವೂ ಇದೆ.

ಮೊದಲು ಕೃತಕ ಮರಗಳ ವಿಷಯ ಮುಗಿಸಿಬಿಡುತ್ತೇನೆ. ಮಾಲಿನ ಮರ ಎಂದರೆ ಕಬ್ಬಿಣದ ಶಂಕು, ಅದಕ್ಕೆ ಹೊದಿಸಿದ ಹಸಿರು ಪ್ಲಾಸ್ಟಿಕ್. ಎತ್ತರದಲ್ಲಿ ಒಂದಕ್ಕೊಂದು ಪೈಪೋಟಿ. ಇಂಥದ್ದನ್ನು ಮುಂದಿನಿಂದ ನೋಡಿ ಏನೂ ತಿಳಿಯುವುದಿಲ್ಲ. ಮುಂದಿರುವುದು ಫೋಟೋಗೆ ನಿಂತವರ ಬೆನ್ನು. ಮಧ್ಯಾಹ್ನ ಮೂರು ಗಂಟೆಗೆ, ದೀಪ ಹತ್ತುವ ಮೊದಲು ಹೋಗಿ ಹಿಂಬದಿ ನೋಡಬೇಕು. ಸೀರಿಯಲ್ ಸೆಟ್ಟುಗಳ ಬಾಲಗಳೆಲ್ಲ ಅಲ್ಲಿ ಒಂದು ಗಂಟಾಗಿ ಬಿದ್ದಿರುತ್ತವೆ. ಬುಡ ಅಲುಗದಂತೆ ಮರಳಿನ ಮೂಟೆ ಪೇರಿಸಿ, ಅದು ಕಾಣದಂತೆ ಹತ್ತಿ ಹೊದಿಸಿರುತ್ತಾರೆ. ಹತ್ತಿ ಹಿಮವಾಗುವುದು ಮುಂಭಾಗದಲ್ಲಿ ಮಾತ್ರ. ಹೋದ ವರ್ಷ ಒಂದು ಕಡೆ ಏಣಿಯ ತುದಿಯಲ್ಲಿದ್ದ ಎಲೆಕ್ಟ್ರಿಷಿಯನ್ ಹುಡುಗ ಸುಟ್ಟುಹೋದ ಒಂದು ಸಾಲಿಗಾಗಿ ಇಡೀ ಮರವನ್ನು ಸವರಿ ಸವರಿ ಹುಡುಕುತ್ತಿದ್ದ. ಆ ಮರಕ್ಕೆ ನಾನು ಹತ್ತರಲ್ಲಿ ಏಳು ಕೊಟ್ಟೆ. ಏಳೂ ಆ ಹುಡುಗನವು.

ಬ್ರಿಗೇಡ್ ರಸ್ತೆಯಲ್ಲಿ ಮರಕ್ಕಿಂತ ತಲೆಮೇಲಿನ ದೀಪಗಳೇ ಹೆಚ್ಚು, ಜನ ಅದಕ್ಕಿಂತ ಹೆಚ್ಚು. ನಿಂತು ನೋಡಲು ಆಗುವುದಿಲ್ಲ, ತಳ್ಳಿಸಿಕೊಂಡು ನೋಡಬೇಕು. ನನಗೆ ಶಿವಾಜಿನಗರವೇ ಮೇಲು. ಸಂತ ಮೇರಿ ಬೆಸಿಲಿಕಾದ ಆಸುಪಾಸಿನ ಅಂಗಡಿಗಳಲ್ಲಿ ಎರಡಡಿ, ನಾಲ್ಕಡಿ, ಆರಡಿ ಮರಗಳನ್ನು ಮಡಿಸಿದ ಕೊಡೆಗಳಂತೆ ಒರಗಿಸಿಟ್ಟಿರುತ್ತಾರೆ. ಕೇಳಿದರೆ ಒಂದನ್ನು ಎಳೆದು, ರೆಂಬೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತಾರೆ. ಪಕ್ಕದಲ್ಲೇ ಗೋದಲಿಗೆ ಬೇಕಾದ ಹುಲ್ಲು, ಕುರಿ, ಒಂಟೆ. ಮೇಲೆ ನಕ್ಷತ್ರಗಳ ತೋರಣ.

ಆದರೆ ನನ್ನ ನಿಜವಾದ ಪಕ್ಷಪಾತ ಬೇರುಳ್ಳ ಮರಗಳ ಕಡೆಗೆ. ಬೆಂಗಳೂರಿನವರು ಕ್ರಿಸ್‌ಮಸ್ ಟ್ರೀ ಎಂದು ಕರೆಯುವುದು ಅರಾಕೇರಿಯಾ ಎಂಬ ಕುಲದ ಮರಗಳನ್ನು. ದಂಡಿನ ಹಳೇ ಬಂಗಲೆಗಳ ಮುಂದೆ, ಲಾಲ್‌ಬಾಗಿನ ದಾರಿಗಳ ಬದಿಗೆ ಮುಗಿಲಿಗೆ ನೆಟ್ಟ ಕಂಬದಂತೆ ಕಾಣುತ್ತವಲ್ಲ, ಅವೇ. 1961ರಲ್ಲಿ ಎಲಿಜಬೆತ್ ರಾಣಿ ಬೆಂಗಳೂರಿಗೆ ಬಂದಾಗ ಲಾಲ್‌ಬಾಗಿನಲ್ಲಿ ನೆಟ್ಟದ್ದೂ ಇದರದೇ ಸಸಿ. ಯುರೋಪಿನ ಕ್ರಿಸ್‌ಮಸ್ ಮರಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ. ಅಲ್ಲಿಯದು ಸ್ಪ್ರೂಸ್, ಫರ್, ಹಿಮದ ನಾಡಿನವು. ನಮ್ಮದು ದಕ್ಷಿಣ ಶಾಂತಸಾಗರದ ದ್ವೀಪಗಳದ್ದು. ಕ್ಯಾಪ್ಟನ್ ಕುಕ್ 1774ರಲ್ಲಿ ನ್ಯೂ ಕ್ಯಾಲೆಡೋನಿಯಾದ ಹತ್ತಿರ ಹಡಗಿನಿಂದ ಇವನ್ನು ಕಂಡಾಗ ಹಡಗಿನಲ್ಲೇ ಜಗಳವಾಯಿತು. ಜೊತೆಗಿದ್ದ ಪ್ರಕೃತಿಶಾಸ್ತ್ರಜ್ಞರು ಕಲ್ಲಿನ ಕಂಬಗಳು ಎಂದರು, ಕುಕ್ ಮರ ಎಂದ. ಹತ್ತಿರ ಹೋಗಿ ನೋಡಿದರೆ ಮರ. ಅದಕ್ಕೇ ಕುಕ್ ಪೈನ್ ಎಂಬ ಹೆಸರು. ಅದರ ಸೋದರಸಂಬಂಧಿ ನಾರ್ಫೋಕ್ ಪೈನ್. ಕುಂಡಗಳಲ್ಲಿ ಮಾರುವ, ಅಂತಸ್ತು ಅಂತಸ್ತಾಗಿ ರೆಂಬೆ ಚಾಚುವ ಅಂದದ ಗಿಡ ಅದು. ಎರಡನ್ನೂ ಒಂದೇ ಎಂದುಕೊಳ್ಳುವವರೇ ಹೆಚ್ಚು. ಆ ನಾರ್ಫೋಕ್ ಪೈನಿನಿಂದ ನಾನು ಮೋಸ ಹೋದದ್ದೂ ಉಂಟು, ಆಮೇಲೆ ಹೇಳುತ್ತೇನೆ.

ಈಗ ಬೀಗದಕೈ ದಾರದ ಕಥೆ. ಕುಕ್ ಪೈನ್ ನೆಟ್ಟಗೆ ನಿಲ್ಲುವುದಿಲ್ಲ. ಗಾಳಿಗೆ ಬಾಗಿದ್ದಲ್ಲ, ನೆಲ ಕುಸಿದದ್ದೂ ಅಲ್ಲ. ಕ್ಯಾಲಿಫೋರ್ನಿಯಾದ ಸಸ್ಯಶಾಸ್ತ್ರಜ್ಞರು ಐದು ಖಂಡಗಳ 256 ಮರಗಳನ್ನು ಅಳೆದು 2017ರಲ್ಲಿ 'ಇಕಾಲಜಿ' ಪತ್ರಿಕೆಯಲ್ಲಿ ಬರೆದರು: ಭೂಮಧ್ಯರೇಖೆಯ ಉತ್ತರಕ್ಕಿರುವ ಮರಗಳು ದಕ್ಷಿಣಕ್ಕೆ ವಾಲುತ್ತವೆ, ದಕ್ಷಿಣಕ್ಕಿರುವವು ಉತ್ತರಕ್ಕೆ. ಎಂದರೆ ಎಲ್ಲವೂ ಭೂಮಧ್ಯರೇಖೆಯ ಕಡೆಗೇ. ಸರಾಸರಿ ಎಂಟೂವರೆ ಡಿಗ್ರಿ, ಪೀಸಾ ಗೋಪುರದ ಎರಡರಷ್ಟು! ರೇಖೆಯಿಂದ ದೂರ ಹೋದಷ್ಟೂ ವಾಲಿಕೆ ಹೆಚ್ಚು. ಕಾರಣ ಸೂರ್ಯನ ಬೆಳಕೇ ಇರಬೇಕೆಂದು ಊಹೆ, ಇತ್ಯರ್ಥವಾಗಿಲ್ಲ. ಬೆಂಗಳೂರು ಇರುವುದು ಹದಿಮೂರು ಡಿಗ್ರಿಯ ಹತ್ತಿರ, ಹಾಗಾಗಿ ಇಲ್ಲಿ ವಾಲಿಕೆ ಕಮ್ಮಿ. ಬರಿಗಣ್ಣಿಗೆ ಅನುಮಾನ ಹುಟ್ಟಿಸುವಷ್ಟು ಮಾತ್ರ. ಮರದ ಪೂರ್ವಕ್ಕೋ ಪಶ್ಚಿಮಕ್ಕೋ ನಿಂತು, ಗಾರೆಯವರು ಗೋಡೆಯ ನೇರ ನೋಡಲು ಗುಂಡು ಇಳಿಬಿಡುತ್ತಾರಲ್ಲ, ಹಾಗೆ ದಾರ ಹಿಡಿಯಬೇಕು. ಉತ್ತರಕ್ಕೆ ನಿಂತರೆ ಮರ ನೆಟ್ಟಗೇ ಕಾಣುತ್ತದೆ. ಹತ್ತಾರು ವರ್ಷ ಅದರ ಕೆಳಗೆ ನಡೆದವರೂ ಗಮನಿಸದೆ ಹೋಗುವುದು ಇದರಿಂದಲೇ. ಕಾವಲಿನವರ ಮಾತು ಬೇರೆ, ಅವರು ಸುತ್ತ ನಾಲ್ಕೂ ಕಡೆ ತಿರುಗುವವರು.

ಈ ಮರಗಳಿಗೆ ಯಾರೂ ದೀಪ ಕಟ್ಟುವುದಿಲ್ಲ. ಕಟ್ಟಬಾರದು ಕೂಡ. ಡಿಸೆಂಬರಿನ ಮಂಜು ಇನ್ನೂ ಬಿಡದ ಹೊತ್ತಿಗೆ ತುದಿಗೆ ಮಾತ್ರ ಬಿಸಿಲು ಬಿದ್ದು, ಕೆಳಗೆಲ್ಲ ಕಪ್ಪಗಿರುವ ಐದು ನಿಮಿಷ ಸಿಕ್ಕರೆ ನನ್ನ ವರ್ಷ ಮುಗಿದಂತೆ. ಹತ್ತಕ್ಕೆ ಹತ್ತು.

ನಾನು ತೃಶ್ಶಿಲೇರಿಯವನು. ವಯನಾಡಿನಲ್ಲಿ ಮಾನಂದವಾಡಿಯಿಂದ ತಿರುನೆಲ್ಲಿಯ ಕಡೆ ಹೋಗುವಾಗ ಸಿಗುವ ಊರು. ಇತ್ತ ಬಾವಲಿ ದಾಟಿದರೆ ಹೆಗ್ಗಡದೇವನಕೋಟೆ ತಾಲ್ಲೂಕು. ಮನೆಯೊಳಗೆ ಕನ್ನಡ, ಅಂಗಳದಿಂದಾಚೆ ಮಲಯಾಳ. ತಿರುನೆಲ್ಲಿಯಲ್ಲಿ ಪಿತೃಕಾರ್ಯ ಮಾಡುವವರು ತೃಶ್ಶಿಲೇರಿಯ ಮಹಾದೇವನಿಗೆ ವಿಳಕ್ಕುಮಾಲೆ ಒಪ್ಪಿಸಬೇಕು, ಇಲ್ಲದಿದ್ದರೆ ಕಾರ್ಯ ಪೂರ್ತಿಯಾಗದು ಎಂಬ ನಂಬಿಕೆ ನಮ್ಮ ಕಡೆ. ವಿಳಕ್ಕುಮಾಲೆ ಎಂದರೆ ದೀಪದ ಮಾಲೆ. ಸೀರಿಯಲ್ ಸೆಟ್ಟನ್ನು ಮೊದಲ ಸಲ ಕಂಡಾಗ ನಾನು ಅಮ್ಮನನ್ನು ಕೇಳಿದ್ದೆನಂತೆ, 'ಇದು ಯಾವ ದೇವರ ವಿಳಕ್ಕುಮಾಲೆ?' ಅಮ್ಮ ಈಗಲೂ ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಆ ಸೆಟ್ಟು ಇದ್ದದ್ದು ಪಕ್ಕದ ತೋಟದ, ನಾವು ಚೇಟತ್ತಿ ಎಂದು ಕರೆಯುವ ಅಕ್ಕನ ಮನೆಯಲ್ಲಿ. ತಿರುವಿದಾಂಕೂರಿನಿಂದ ಗುಡ್ಡ ಹತ್ತಿ ಬಂದು ಕಾಡು ಕಡಿದು ಮರಗೆಣಸು, ಕಾಫಿ, ಮೆಣಸು ಬೆಳೆದ ಕುಟುಂಬಗಳಲ್ಲಿ ಅವರದೂ ಒಂದು. ಡಿಸೆಂಬರ್ ಎಂದರೆ ನಮ್ಮಲ್ಲಿ ಕಾಫಿ ಕುಯ್ಲು. ಕಣದ ತುಂಬ ಹಣ್ಣು ಹರಡಿರುತ್ತದೆ, ಗಾಳಿಯಲ್ಲಿ ಅದರ ಹುಳಿಸಿಹಿ ವಾಸನೆ. ಆಳುಗಳೆಲ್ಲ ಹೋದ ಮೇಲೆ ಚೇಟತ್ತಿಯ ಮಗ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುತ್ತಿದ್ದ. ಅದು ಹಲಸಿನ ಮರದ ತುದಿಗೆ ಏರುತ್ತಿತ್ತು. ಮನೆಯೊಳಗಿನ ಮರಕ್ಕೆ ಸಿಲ್ವರ್ ಓಕಿನ ರೆಂಬೆ. ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟ ಮರ, ಹೇಗೂ ರೆಂಬೆ ಸವರಲೇಬೇಕು. ಮೂರನೇ ದಿನಕ್ಕೆ ಎಲೆ ಒಣಗಿ, ಬೆಳ್ಳಿ ಬಣ್ಣದ ಅಡಿಭಾಗ ಮೇಲೆ ಮುರುಟಿಕೊಂಡು, ಹಿಮ ಬಿದ್ದಂತೆಯೇ ಕಾಣುತ್ತಿತ್ತು. ಹತ್ತಿ ಖರ್ಚಿಲ್ಲ.

ಇದು ಮನೆಯ ಮರದ ಮಾತಾಯಿತು. ಊರೊಟ್ಟಿನ ಮರ ಎಂಬುದು ಯುರೋಪು, ಅಮೆರಿಕದಲ್ಲೂ ಬಹಳ ಹಳೆಯದೇನಲ್ಲ. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನ ಮರ ಇಂದು ಲೋಕಪ್ರಸಿದ್ಧ. ಆದರೆ 1931ರಲ್ಲಿ ಮಹಾ ಆರ್ಥಿಕ ಕುಸಿತದ ಹೊತ್ತಿನಲ್ಲಿ ಅಲ್ಲಿ ಮೊದಲ ಮರ ನಿಲ್ಲಿಸಿದವರು ಕಟ್ಟಡದ ಕೂಲಿಗಳು. ಕೈಯಿಂದ ಕಾಸು ಹಾಕಿ ಇಪ್ಪತ್ತಡಿಯ ಮರ ತಂದು, ಮನೆಯವರು ಮಾಡಿಕೊಟ್ಟ ಮಾಲೆಗಳನ್ನು ತೊಡಿಸಿದ್ದರು. ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ 1947ರಿಂದ ಪ್ರತಿವರ್ಷ ಒಂದು ಸ್ಪ್ರೂಸ್ ಮರ ಓಸ್ಲೋ ನಗರದಿಂದ ಬರುತ್ತದೆ, ಯುದ್ಧಕಾಲದ ನೆರವಿನ ಕೃತಜ್ಞತೆಗೆ. ಅದಕ್ಕೆ ದೀಪದ ಸರಗಳನ್ನು ಸುತ್ತುವುದಿಲ್ಲ, ನಾರ್ವೆಯ ರೂಢಿಯಂತೆ ಮೇಲಿನಿಂದ ನೇರ ಇಳಿಬಿಡುತ್ತಾರೆ. ಸೊರಗಿದೆ, ಸೊಟ್ಟಗಿದೆ ಎಂದು ಲಂಡನ್ನಿನವರು ಅದನ್ನು ಆಡಿಕೊಳ್ಳುವುದುಂಟು. ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸುವ ಜನ ಎಲ್ಲ ಕಡೆಯೂ ಇದ್ದಾರೆ.

ನಮ್ಮ ಸೀಮೆಯಲ್ಲಿ ಆ ಕೂಲಿಗಳ ಮರಕ್ಕೆ ಸಮನಾದದ್ದನ್ನು ನಾನು ನೋಡಿದ್ದು ಫೋರ್ಟ್ ಕೊಚ್ಚಿಯಲ್ಲಿ. ವೇಳಿ ಮೈದಾನದ ಅಂಚಿನಲ್ಲಿ ಒಂದು ಭಾರೀ ಮಳೆಮರ. ಅದಕ್ಕೆ ಅಲ್ಲಿಯ ಹುಡುಗರೇ ಸೇರಿ ದೀಪ ಕಟ್ಟುತ್ತಾರೆ. ಶಂಕುವಿನಾಕಾರವಿಲ್ಲ, ಸೂಜಿಯೆಲೆಯಿಲ್ಲ. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ರಸ್ತೆಗಳಿಗೆಲ್ಲ ನೆರಳಾದ, ಕೊಡೆ ಬಿಚ್ಚಿದಂಥ ಅದೇ ಮರ. ಕ್ರಿಸ್‌ಮಸ್ ಮರದ ಯಾವ ಲಕ್ಷಣವೂ ಇಲ್ಲದ ಇದನ್ನು ಯಾಕೆ ಆರಿಸಿಕೊಂಡರೋ ಎಂದುಕೊಳ್ಳುತ್ತ ಸಂಜೆ ಐದೂವರೆಗೇ ಹೋಗಿ ಕೂತೆ. ಉತ್ತರ ಮರವೇ ಕೊಟ್ಟಿತು. ಬೆಳಕು ಇಳಿದಂತೆ ಮಳೆಮರದ ಎಲೆಗಳು ಜೋಡಿಜೋಡಿಯಾಗಿ ಮಡಿಸಿಕೊಂಡು ಮಲಗುತ್ತವೆ. ಹಗಲಿಡೀ ದಟ್ಟ ಚಪ್ಪರವಾಗಿದ್ದದ್ದು ಇರುಳಿಗೆ ಜಾಲರಿಯಾಗುತ್ತದೆ. ಆಗ ದೀಪ ಹತ್ತಿದರೆ ಒಳಗಿನ ಒಂದೊಂದು ಕೊಂಬೆಯ ಸರವೂ ಹೊರಗೆ ಕಾಣುತ್ತದೆ. ಯಾವ ಸ್ಪ್ರೂಸಿಗೂ ಇದು ಬಾರದು. ಪಕ್ಕದಲ್ಲಿ ಕೂತಿದ್ದ ಅಜ್ಜನೊಬ್ಬ ಕಡಲೆಕಾಯಿ ಸಿಪ್ಪೆ ಉದುರಿಸುತ್ತ, ಹೇಗಿದೆ ಎಂದು ಹುಬ್ಬಿನಲ್ಲೇ ಕೇಳಿದ. ನಾನೂ ಹುಬ್ಬಿನಲ್ಲೇ ಒಪ್ಪಿಕೊಂಡೆ.

ಇನ್ನು ನಾನು ಮೋಸ ಹೋದ ಕಥೆ. ಆರು ವರ್ಷದ ಹಿಂದೆ ಊರಿನ ಅಂಗಳಕ್ಕೂ ಒಂದು ನಿಜವಾದ ಮರ ಬೇಕೆನಿಸಿ, ಬೆಂಗಳೂರಿನ ಒಂದು ನರ್ಸರಿಯಲ್ಲಿ ಮೊಣಕಾಲೆತ್ತರದ ನಾರ್ಫೋಕ್ ಪೈನ್ ಕೊಂಡೆ. ಗಿಡಕ್ಕೆ ಒಂದು ಕೋಲು ಬಿಗಿಯಾಗಿ ಕಟ್ಟಿದ್ದರು. ಗಾಳಿಗೆ ಅಲುಗದಿರಲಿ ಎಂದು, ಅಂದರು. ರಾತ್ರಿ ಬಸ್ಸಿನಲ್ಲಿ ಹುಣಸೂರು, ಗೋಣಿಕೊಪ್ಪ, ಕುಟ್ಟ ಅಂತ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ತೋಲ್ಪೆಟ್ಟಿಯಲ್ಲಿ ಬೆಳಕು ಹರಿಯುವಾಗ ಕಂಡಕ್ಟರು ಅದಕ್ಕೂ ಟಿಕೆಟ್ ಕೇಳಿ ತಮಾಷೆ ಮಾಡಿದ. ನೆಟ್ಟ ಎರಡು ಮಳೆಗಾಲಕ್ಕೆ ಕೋಲು ಲಡ್ಡಾಗಿ ಮುರಿಯಿತು. ಗಿಡ ನಿಧಾನಕ್ಕೆ ಮಲಗಿತು. ಎಬ್ಬಿಸಿ ಕಟ್ಟಿದೆ, ತುದಿ ಮತ್ತೆ ಅಡ್ಡಕ್ಕೇ ಹೊರಟಿತು.

ಆಮೇಲೆ ತಿಳಿಯಿತು. ಈ ಕುಲದ ಮರದ ಪಕ್ಕದ ರೆಂಬೆಯನ್ನು ಕತ್ತರಿಸಿ ಬೇರು ಬರಿಸಿದರೆ ಅದು ಬದುಕಿರುವಷ್ಟು ಕಾಲ ತಾನು ರೆಂಬೆ ಎಂದೇ ತಿಳಿದಿರುತ್ತದೆ. ಅಡ್ಡಕ್ಕೆ ಬೆಳೆಯುತ್ತದೆಯೇ ಹೊರತು ಮೇಲಕ್ಕೆ ಏಳುವುದಿಲ್ಲ. ನೆಟ್ಟಗಿನ ಮರ ಬೇಕಾದರೆ ಬೀಜದಿಂದ ಬಂದದ್ದಿರಬೇಕು, ಇಲ್ಲವೇ ನೆತ್ತಿಯ ತುದಿಯಿಂದ. ಕೋಲು ಕಟ್ಟಿದ್ದು ಗಾಳಿಗಲ್ಲ, ನನ್ನಂಥವರಿಗೆ.

ಕಿತ್ತುಹಾಕಲು ಅಮ್ಮ ಬಿಡಲಿಲ್ಲ. 'ಮಲಗಿದ್ರೆ ಮಲಗ್ಲಿ, ಯಾರಿಗೇನು ತೊಂದರೆ' ಎಂದರು. ಈಗ ಅದು ಕಣದ ಅಂಚಿಗೆ ಎಂಟಡಿ ಉದ್ದ ಹರಿದಿದೆ, ಹಸಿರು ಮೊಸಳೆಯ ಹಾಗೆ. ಅಡಿಯಲ್ಲಿ ಕೋಳಿಗಳು ಮಧ್ಯಾಹ್ನ ಕಳೆಯುತ್ತವೆ.

ಮೊನ್ನೆ ಫೋನಿನಲ್ಲಿ ಅಮ್ಮ ಕೆಳಗಿನ ತೋಟದ ಕುಯ್ಲು ಮುಗಿದ ಸುದ್ದಿ ಹೇಳಿ, ಕೊನೆಗೆ, 'ಚೇಟತ್ತಿ ಮೊಮ್ಮಗ ನಿನ್ನ ಮರಕ್ಕೆ ದೀಪ ಕಟ್ಟಿದಾನೆ ಕಣೋ. ತಲೆ ಹತ್ರ ಬರೋವಾಗ ಸಾಲಲಿಲ್ಲವಂತೆ. ಬರೋವಾಗ ಒಂದು ಸೆಟ್ ತಗೊಂಡು ಬಾ. ಮಿಣುಕೋದು ಬೇಡ, ಕೋಳಿಗಳು ಹೆದರ್ತವೆ' ಎಂದರು.

ಶಿವಾಜಿನಗರದ ಅಂಗಡಿಯವರು ಯಾವಾಗಲೂ ಮೊದಲು ಕೇಳುವುದು ಮರದ ಎತ್ತರವನ್ನೇ.

'ಮೊಣಕಾಲಿನಷ್ಟು' ಅಂದೆ. 'ಉದ್ದ ಎಂಟಡಿ.'

ಅವರು ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟು ಒಂದು ಗಳಿಗೆ ಯೋಚಿಸಿದರು. ಆಮೇಲೆ ಎರಡು ಡಬ್ಬಿ ಎತ್ತಿಕೊಟ್ಟರು.