ಬೆಳ್ಳಿಗೆ ಯಾವ ಹಾಡು?

ಕಾದಂಬರಿಯ ಪಾತ್ರಗಳಿಗೆ ಹಾಡು ಆರಿಸುವುದು ಮೇಲುನೋಟಕ್ಕೆ ಹುಡುಗಾಟದ ಕೆಲಸ. ಆದರೆ ಆರಿಸಲು ಕೂತರೆ ಗೊತ್ತಾಗುತ್ತದೆ. ಈ ಪಾತ್ರದ ಬಾಯಲ್ಲಿದ್ದ ಭಾಷೆ ಯಾವುದು, ಇದಕ್ಕೆ ಪ್ರೀತಿ ಮಾಡುವ ಹಕ್ಕಿತ್ತೇ, ಇದರ ದುಃಖವನ್ನು ಇಷ್ಟು ವರ್ಷ ಹಾಡಿದವರು ಯಾರು ಎಂಬ ಪ್ರಶ್ನೆಗಳೆಲ್ಲ ಎದುರು ಬಂದು ನಿಲ್ಲುತ್ತವೆ. ಕಾರ್ಕಳದ ಕಡೆಯ ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ನಡುನಡುವೆ ಹಾಡು ಸೇರಿಸಿ ವೇದಿಕೆಯ ಮೇಲೆ ಓದುತ್ತೇವೆ ಎಂದಾಗ ನಾನು ಸುಲಭವಾಗಿ ಹೂಂ ಅಂದುಬಿಟ್ಟೆ. ಮುಂದಿನ ಒಂದು ತಿಂಗಳು ಆ ಪಟ್ಟಿ ನನಗೆ ಕಲಿಸಿದ್ದನ್ನು ಯಾವ ವಿಮರ್ಶಾ ಗ್ರಂಥವೂ ಕಲಿಸಿರಲಿಲ್ಲ.

1933ರಲ್ಲಿ ಬಂದ ಈ ಕಾದಂಬರಿ ನಮ್ಮ ಕರಾವಳಿಯದು. ಬರೆದವರು ಕೋಟದಲ್ಲಿ ಹುಟ್ಟಿ, 1997ರಲ್ಲಿ ಮಣಿಪಾಲದಲ್ಲಿ ತೀರಿಕೊಂಡವರು. ಬ್ರಾಹ್ಮಣ ಮನೆತನದಿಂದ ಬಂದ ಲೇಖಕನೊಬ್ಬ ಆ ಕಾಲದಲ್ಲಿ ಮಾರಿಹೊಲೆಯನ ಗುಡಿಸಲನ್ನು ಕಥೆಯ ನಡುಮನೆ ಮಾಡಿಕೊಂಡದ್ದು ಸಣ್ಣ ಮಾತಲ್ಲ. ಅದನ್ನು ಒಪ್ಪಿಕೊಂಡೇ ಮುಂದಿನ ಪ್ರಶ್ನೆ ಕೇಳಬೇಕು. ಪುಸ್ತಕ ಮುಚ್ಚಿದ ಮೇಲೆ ನಮ್ಮ ಕಿವಿಯಲ್ಲಿ ಉಳಿಯುವುದು ದುಡಿಯ ಸದ್ದು, ಹಾಡಿನ ಸೊಲ್ಲಲ್ಲ. ಚೋಮ ತುಳುವಿನಲ್ಲಿ ಅತ್ತಿರಬೇಕು, ಅಚ್ಚಾದದ್ದು ಕನ್ನಡದಲ್ಲಿ. ಆ ನಡುವೆ ಎಲ್ಲೋ ಮಾತು ಸೋರಿಹೋಗಿ ಬಡಿತ ಮಾತ್ರ ಉಳಿದಿದೆ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದಾಗ ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಬಂತು, ಚೋಮನಾಗಿದ್ದ ವಾಸುದೇವ ರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಅಲ್ಲಿಯೂ ನಾವು ಹೊತ್ತುಕೊಂಡು ಮನೆಗೆ ಬಂದದ್ದು ಆ ಬಡಿತವನ್ನೇ.

ಹುಡುಗರ ಮೊದಲ ಪಟ್ಟಿ ಮೊಬೈಲಿನಲ್ಲಿತ್ತು. ಬೆಳ್ಳಿ ಮತ್ತು ಮನ್ವೇಲನಿಗೆ ಅವರು ಸಿನಿಮಾದ ಎರಡು ಪ್ರೇಮಗೀತೆ ಹಾಕಿದ್ದರು. ಹಾಡು ಚೆನ್ನಾಗಿಯೇ ಇದ್ದವು. ನಾನು ಸಾಲದ ಲೆಕ್ಕ ತೆಗೆದೆ. ಮನ್ವೇಲ ಕಾಫಿ ತೋಟದ ರೈಟರು. ಚೋಮನ ಮನೆಗೆ ಅವನು ಮೊದಲು ಬಂದದ್ದು ಸಾಲ ಕೇಳಲಿಕ್ಕೆ, ಹೆಣ್ಣು ಕೇಳಲಿಕ್ಕಲ್ಲ. ಆ ಸಾಲ ತೀರಿಸಲು ಘಟ್ಟ ಹತ್ತಿದ ಚನಿಯ ಜ್ವರ ಹೊತ್ತು ಬಂದು ಸತ್ತ. ಗುರುವ ತಿರುಗಿ ಬರಲೇ ಇಲ್ಲ. ಕೊನೆಗೆ ಬೆಳ್ಳಿಯೇ ಹೋಗಬೇಕಾಯಿತು. ಅಲ್ಲಿ ಮನ್ವೇಲನ ಸಂಗವಾಯಿತು, ತೋಟದ ಧಣಿಯ ಕೈಗೂ ಸಿಕ್ಕಳು, ಆಮೇಲೆ ಸಾಲ ವಜಾ ಆಯಿತು. ಧಣಿಯ ಪುಸ್ತಕದಲ್ಲಿ ಜಮೆಯಾದದ್ದು ಅವಳ ಮೈ. ಇದಕ್ಕೆ ಪಿಟೀಲು ಕೊಳಲು ಹಾಕಿದರೆ ಆ ಲೆಕ್ಕದ ಪುಸ್ತಕವನ್ನು ನಾವೇ ಮುಚ್ಚಿಟ್ಟ ಹಾಗೆ ಅಲ್ಲವೇ ಎಂದೆ.

ಹುಡುಗರು ಸುಮ್ಮನಾದರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ ಬಿಡಲಿಲ್ಲ: "ಸರ್, ಹಾಗಾದ್ರೆ ಅವಳಿಗೆ ಆಸೆ ಇರ್ಲೇಬಾರ್ದಾ? ಊರಿಗೆ ಬಂದ ಮೇಲೂ ಅವಳು ಮನ್ವೇಲನ ಹತ್ರ ಮಾತಾಡಿದ್ಳಲ್ಲ, ಆಗ ಸಾಲ ಇರ್ಲಿಲ್ಲ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ದಲಿತ ಹೆಣ್ಣನ್ನು ಶೋಷಿತಳು ಎಂದು ಗುರುತಿಸಿದ ಕೂಡಲೇ ನಮ್ಮ ವಿಮರ್ಶೆ ಅವಳ ಆಸೆಯನ್ನು ಕಿತ್ತು ಪಕ್ಕಕ್ಕಿಡುತ್ತದೆ. ಚೋಮ ಅವಳನ್ನು ಹೊಡೆದು ಮನೆಯಿಂದ ಹೊರಗಟ್ಟಿದ. ನಾವು ಕರುಣೆಯಿಂದ ಹೊರಗಟ್ಟುತ್ತೇವೆ. ಎರಡರಲ್ಲೂ ಬೆಳ್ಳಿ ಹೊರಗೇ.

ಗುರುವನದು ಬೇರೆ ಲೆಕ್ಕ. ಅವನು ಮಾರಿಯನ್ನು ಮೆಚ್ಚಿದ, ಅವಳ ಧರ್ಮಕ್ಕೆ ಸೇರಿದ. ಅವರ ಜೋಡಿಗೆ ಹುಡುಗರು ಕೊಂಕಣಿ ಕ್ರೈಸ್ತರ 'ವೊವಿಯೊ' ಆರಿಸಿದರು. ಮದುವೆಗೆ ಮುಂಚೆ ರೋಸ್ ಹಚ್ಚುವಾಗ ಹೆಂಗಸರು ಹಾಡುವ ಹಾಡು ಅದು. ಈ ಆಯ್ಕೆಗೆ ನಾನು ಎದುರಾಡಲಿಲ್ಲ. ಆದರೆ ಆ ಹಾಡನ್ನು ಆ ಜೋಡಿಗೆ ಇಟ್ಟ ತಕ್ಷಣ ಕಾದಂಬರಿಯ ಒಂದು ಒಳಪಟ್ಟು ಕಾಣಿಸಿತು. ಗಂಡು ಜಾತಿ ದಾಟಿ ಪ್ರೀತಿ ಮಾಡಿದರೆ ಬಿಡುಗಡೆ; ಹೆಣ್ಣು ದಾಟಿದರೆ ಅಪ್ಪನ ಪೆಟ್ಟು, ಮನೆಯ ಅಂತ್ಯ. ರೋಸಿನ ಹಾಡು ಮದುಮಗಳದು. ಬೆಳ್ಳಿಯನ್ನು ಕಥೆ ಮದುಮಗಳಾಗಲು ಬಿಡಲೇ ಇಲ್ಲ. ಗುರುವ ಹೊಸ ಧರ್ಮಕ್ಕೆ ಹೋಗಿ ಬದುಕಿಕೊಂಡ. ಭೂಮಿಗಾಗಿ ಅದೇ ದಾರಿ ಹಿಡಿದ ಚೋಮನನ್ನು ಪಂಜುರ್ಲಿಯ ನೆನಪು ಹಿಂದಕ್ಕೆಳೆಯಿತು. ಆ ನಂಬಿಕೆಯನ್ನು ನಾವು ಮೌಢ್ಯ ಎನ್ನಬಹುದು. ಅವನಿಗೆ ಸ್ವಂತದ್ದು ಅಂತ ಉಳಿದದ್ದು ಅದೊಂದೇ ಎಂದೂ ಓದಬಹುದು.

ಬೆಳ್ಳಿಗೆ ಸಿರಿ ಪಾಡ್ದನ ಇಡೋಣ ಎಂಬ ಸಲಹೆ ಬಂತು. ತುಳುನಾಡಿನ ಹೆಣ್ಣಿನ ದುಃಖ ಎಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಸಿರಿಯೇ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜತೆ ಸೇರಿ 1998ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. 15,683 ಸಾಲು! ಸಿರಿ ಗಂಡನನ್ನು ಎದುರು ಹಾಕಿಕೊಂಡು ಬಿಟ್ಟು ಹೊರಟವಳು, ಮತ್ತೆ ಮದುವೆಯಾದವಳು. ಹಿರಿಯಡಕದ ಸಿರಿ ಜಾತ್ರೆಯಲ್ಲಿ ಇವತ್ತಿಗೂ ಹೆಂಗಸರು ಅವಳ ಹೆಸರಲ್ಲಿ ತಮ್ಮ ಸಂಕಟ ಹೊರಹಾಕುತ್ತಾರೆ. ದೊಡ್ಡ ಹಾಡು, ಸಂಶಯವಿಲ್ಲ. ಆದರೆ ಸಿರಿಗೆ ಬಿಟ್ಟು ಹೊರಡಲು ಒಂದು ಅರಮನೆ ಇತ್ತು. ತವರು ಇತ್ತು, ಆಸ್ತಿಯ ತಕರಾರು ಇತ್ತು. ಬೆಳ್ಳಿಗೆ ಬಿಡುವುದಕ್ಕೆ ಇದ್ದದ್ದು ಧಣಿಯ ಜಾಗದಲ್ಲಿದ್ದ ಒಂದು ಗುಡಿಸಲು. 'ಹೆಣ್ಣು' ಎಂಬ ಒಂದೇ ಶಬ್ದದಲ್ಲಿ ಇಬ್ಬರನ್ನೂ ಕಟ್ಟಿಹಾಕಿದರೆ ಜಾತಿ ಆ ಗಂಟಿನಿಂದ ಮೆಲ್ಲ ನುಸುಳಿಹೋಗುತ್ತದೆ.

ಆಗ ನನಗೆ ಕಾಪು ಕಡೆಯ ನನ್ನ ಅಜ್ಜಿ ನೆನಪಾದಳು. ಎಂ.ಎ. ಓದುವಾಗ ನಾನು ಗ್ರೀಕ್ ದುರಂತ ನಾಟಕದ ಮೇಲೆ ಪ್ರಬಂಧ ಬರೆದವನು. ಅಜ್ಜಿಯ ತನ್ನಿಮಾನಿಗಳ ಬಗ್ಗೆ ಒಂದು ಸಾಲು ಬರೆದವನಲ್ಲ. ಬರೆದರೆ ನಾನು ಯಾರೆಂದು ಗೊತ್ತಾಗುತ್ತದಲ್ಲ! ನಮ್ಮ ಮುಂಡಾಲರು ನಂಬುವ ದೈವ ಕೋಡ್ದಬ್ಬು. ಬಾರ್ಕೂರಿನ ಕಚ್ಚೂರಿನಲ್ಲಿ ಬಬ್ಬುಸ್ವಾಮಿ ಎಂದು ಕೈಮುಗಿಯುತ್ತಾರೆ. ಪಾಡ್ದನದ ಪ್ರಕಾರ ಮೇಲಿನವರು ಅವನನ್ನು ಉಪಾಯದಿಂದ ಬಾವಿಗಿಳಿಸಿ ಮೇಲೆ ಕಲ್ಲು ಮುಚ್ಚುತ್ತಾರೆ. ಆ ದಾರಿಯಲ್ಲಿ ಬಂದ ತನ್ನಿಮಾನಿಗ ಒಳಗಿನ ದನಿ ಕೇಳಿ ಕಲ್ಲು ಒಡೆದು ಅವನನ್ನು ಬಿಡಿಸುತ್ತಾಳೆ. ಇಬ್ಬರೂ ಅಣ್ಣ ತಂಗಿಯಾಗಿ ದೈವಗಳಾಗುತ್ತಾರೆ.

ಇದನ್ನು 'ಚೋಮನ ದುಡಿ'ಯ ಪಕ್ಕ ಇಟ್ಟು ನೋಡಿ. ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಹೊಲೆಯರ ಹುಡುಗ, ಮುಟ್ಟುವುದು ಹೇಗೆ? ನೋಡುತ್ತಿದ್ದ ಹಾಗೆಯೇ ಸಾಯುತ್ತಾನೆ. ಕಾದಂಬರಿಯಲ್ಲಿ ಅದು ಮೇಲುಜಾತಿಯ ಆತ್ಮಸಾಕ್ಷಿಗೆ ಹಾಕಿದ ಪ್ರಶ್ನೆ. ಪಾಡ್ದನ ಮೇಲುಜಾತಿಯ ಆತ್ಮಸಾಕ್ಷಿಗಾಗಿ ಕಾಯುವುದೇ ಇಲ್ಲ. ಅಲ್ಲಿ ಕಲ್ಲು ಒಡೆಯುವವಳು ನಮ್ಮವಳೇ ಒಬ್ಬಳು ಹೆಣ್ಣು. ಚೋಮ ಮಾರಿಹೊಲೆಯ, ಕೋಡ್ದಬ್ಬು ಮುಂಡಾಲರವನು. ಪಂಗಡ ಬೇರೆ ಎಂದು ಯಾರಾದರೂ ಹೇಳಬಹುದು. ಹೌದು, ಪಂಗಡ ಬೇರೆ. ಮುಳುಗಿಸಿದ ನೀರು ಒಂದೇ.

ಕಾರಂತರು ಇದನ್ನು ಬಳಸಲಿಲ್ಲ ಎಂದು ದೂರುವುದು ನನ್ನ ಉದ್ದೇಶವಲ್ಲ. ದಲಿತ ಲೋಕದ ಸಂಕಟ ಕಂಡ ದೊಡ್ಡ ಲೇಖಕನಿಗೂ ಆ ಲೋಕದ ಒಳಗಿನ ಶಕ್ತಿಯ ಕಥನ ಕಾಣದೆ ಹೋಗಬಹುದು. ಅದು ಆ ಕರುಣೆಯ ಮಿತಿ. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂದಾಗ ಕನ್ನಡಕ್ಕೆ ಬೇರೆ ದನಿ ಸಿಕ್ಕಿದ್ದು ಈ ಕಾರಣಕ್ಕೇ. ಅಲ್ಲಿ ಚನ್ನ ಮತ್ತು ಕುಸುಮರ ಕಥೆಗೆ ಹೊರಗಿನಿಂದ ಹಾಡು ಹುಡುಕಬೇಕಾಗಿಲ್ಲ, ಹೇಳುವ ಬಾಯಿಯೇ ಹಾಡಿನ ಬಾಯಿ.

ಅಜ್ಜಿಯ ಹತ್ತಿರ ಮೊಬೈಲು ಹಿಡಿದು ಕೂತೆ. "ಕಥೆ ಬೇಕಾದ್ರೆ ಹೇಳ್ತೇನೆ ಮಗಾ, ದೈವದ್ದನ್ನು ಹೀಗೆ ಚಾವಡಿಯಲ್ಲಿ ಕೂತು ಹಾಡ್ಲಿಕ್ಕಿಲ್ಲ" ಅಂದಳು. ಕಥೆ ಹೇಳಿದಳು. ಆಮೇಲೆ ತಾನಾಗಿ ನೇಜಿ ನೆಡುವಾಗಿನ ಓಬೇಲೆ ಹಾಡಿದಳು. ಕೀಟಲೆ, ಆಸೆ, ಬೈಗುಳ ಎಲ್ಲ ಒಂದೇ ಉಸಿರಿಗೆ. ಒಬ್ಬಳು ಎತ್ತಿಕೊಟ್ಟರೆ ಗದ್ದೆ ತುಂಬ ಹೆಂಗಸರು ಹಿಡಿದುಕೊಳ್ಳುವ ಹಾಡು ಅದು. ಹಿಂದಿನ ಬೆಂಚಿನ ಹುಡುಗಿಗೆ ಬೇಕಾದ ಉತ್ತರ ಅಲ್ಲಿತ್ತು. ಬೆಳ್ಳಿಯ ಆಸೆಗೆ ಮನ್ವೇಲ ಬೇಕೆಂದೇನಿಲ್ಲ, ಅವನು ಕಾಣುವ ಮೊದಲೇ ಅದು ಗದ್ದೆಯಲ್ಲಿತ್ತು.

ಇನ್ನು ದುಡಿ. ಬಾರಿಸುವವರು ಯಾರು? ಎಲ್ಲರೂ ಕೊರಗ ಹುಡುಗನೊಬ್ಬನ ಕಡೆ ನೋಡಿದರು. ನಾನೂ ನೋಡಿದೆ, ಸುಳ್ಳು ಹೇಳುವುದಿಲ್ಲ. ಅವನು, "ನಾನೇ ಯಾಕೆ ಸರ್?" ಅಂದ. ಕಂಬಳದ ಹಿಂದಿನ ರಾತ್ರಿ ಗದ್ದೆಯಲ್ಲಿ ಡೋಲು ಬಡಿಯುವುದು ಕೊರಗರ ಪಾಲಿಗೆ ಕಲೆಯಾಗಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಈ ರಾಜ್ಯಕ್ಕೆ 2000ನೇ ಇಸವಿಯ ಕಾಯ್ದೆಯೇ ಬೇಕಾಯಿತು. ಡೋಲನ್ನು ದಲಿತ ಅಸ್ಮಿತೆಯ ಸಂಕೇತ ಎಂದು ಸೆಮಿನಾರಿನಲ್ಲಿ ಕೊಂಡಾಡುವ ನಮಗೆ, ಅದನ್ನು ಕೆಳಗಿಡುವುದೂ ಅಸ್ಮಿತೆಯೇ ಎಂದು ತಿಳಿಯಬೇಡವೇ? ಕೊನೆಗೆ ಗದ್ದೆ ಎತ್ತು ಇರುವ ಮನೆತನದ ಹುಡುಗನೊಬ್ಬ ದುಡಿ ತೆಗೆದುಕೊಂಡ. ಮೂರು ದಿನ ಅವನಿಗೆ ತಾಳ ಕೂರಲಿಲ್ಲ, ಬೆರಳು ಬಾತುಕೊಂಡವು. ಕೊರಗ ಹುಡುಗ ಒಂದು ಸಲ ಎದ್ದು ಬಂದು, "ಹಾಗಲ್ಲ ಮಾರಾಯ" ಎಂದು ತೋರಿಸಿ ಹೋಗಿ ಕೂತ. ತನಗೆ ಸಂಕಪ್ಪಯ್ಯನ ಮಾತು ಓದಲು ಕೊಡಿ ಎಂದ. ಕೊಟ್ಟೆವು. ಧಣಿಯ ಗತ್ತನ್ನು ಅವನಷ್ಟು ಚೆನ್ನಾಗಿ ಬೇರೆ ಯಾರೂ ಓದುತ್ತಿರಲಿಲ್ಲ. ತಲೆಮಾರುಗಟ್ಟಲೆ ಕೇಳಿಸಿಕೊಂಡ ದನಿ ಅದು.

ಮುಕ್ತಾಯಕ್ಕೆ ಸಿದ್ಧಲಿಂಗಯ್ಯನವರ ಹೋರಾಟದ ಹಾಡು ಇರಲಿ ಎಂದು ಸಂಘಟನೆಯ ಗೆಳೆಯರು ಹೇಳಿದರು. 'ಹೊಲೆಮಾದಿಗರ ಹಾಡು' ಬಂದದ್ದೂ ಸಿನಿಮಾ ಬಂದ 1975ರಲ್ಲೇ. ಆ ಹಾಡುಗಳಿಲ್ಲದೆ ನಮ್ಮಂಥವರು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೂ ನಾನು ಬೇಡ ಅಂದೆ. ಬಾಗಿಲು ಹಾಕಿಕೊಂಡು ಬಾರಿಸುತ್ತಾ ಸತ್ತವನ ಮೇಲೆ ಗೆಲುವಿನ ಹಾಡು ಹೊದಿಸಿದರೆ ಆ ಸಾವಿಗೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಗೆಳೆಯರು ಒಪ್ಪಲಿಲ್ಲ, ಜಗಳ ಇನ್ನೂ ಮುಗಿದಿಲ್ಲ.

ಓದಿನ ದಿನ ನೀಲ ಮುಳುಗುವಲ್ಲಿ ಓದು ನಿಲ್ಲಿಸಿ ಬೆಳ್ಳಿಯ ಪಾತ್ರ ಓದುತ್ತಿದ್ದವಳು ತನ್ನಿಮಾನಿಗಳ ಕಥೆಯನ್ನು ತುಳುವಿನಲ್ಲಿ, ಹಾಡದೆ, ಬರೀ ಮಾತಿನಲ್ಲಿ ಹೇಳಿದಳು. ಅಜ್ಜಿ ಕೊಟ್ಟದ್ದು ಅಷ್ಟೇ ಅಪ್ಪಣೆ. ಕೊನೆಯಲ್ಲಿ ದುಡಿ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಪಕ್ಕದವರನ್ನು ಕೇಳಿದಳಂತೆ: "ಆ ಹುಡುಗಿ ಆಮೇಲೆ ಎಲ್ಲಿಗೆ ಹೋದ್ಲು?" ಕಾದಂಬರಿ ಓದಿದ ನಾವ್ಯಾರೂ ಇಷ್ಟು ವರ್ಷ ಈ ಪ್ರಶ್ನೆ ಕೇಳಿರಲಿಲ್ಲ.